ಎನ್‌ಐ ಆಕ್ಟ್ ಕೇಳಿದರೆ ನಾಲ್ಕು ಪುಸ್ತಕ: ಕಾನೂನು ಗ್ರಂಥಗಳಲ್ಲಿ ಯಾವುದು ಯಾರಿಗೆ?

ಕಾನೂನು ಪುಸ್ತಕದ ಅಂಗಡಿಯಲ್ಲಿ ‘ಎನ್‌ಐ ಆಕ್ಟ್ ಕೊಡಿ’ ಎಂದು ಕೇಳಿ ನೋಡಿ (ಚೆಕ್, ಪ್ರಾಮಿಸರಿ ನೋಟುಗಳ ಕಾಯ್ದೆ ಅದು). ಕೌಂಟರಿನ ಮೇಲೆ ನಾಲ್ಕು ಪುಸ್ತಕ ಬಂದು ಕೂರುತ್ತವೆ: ಕಾಯ್ದೆಯ ಪಾಠವಷ್ಟೇ ಇರುವ ತೆಳ್ಳನೆಯ ಬೇರ್ ಆಕ್ಟ್, ವಿದ್ಯಾರ್ಥಿಗಳ ಪಠ್ಯಪುಸ್ತಕ, ಕಲಂ ಕಲಂಗೂ ವ್ಯಾಖ್ಯಾನವಿರುವ ಇಟ್ಟಿಗೆ ದಪ್ಪದ ಕಾಮೆಂಟರಿ, ಚೆಕ್ ಬೌನ್ಸ್ ತೀರ್ಪುಗಳನ್ನಷ್ಟೇ ಪೋಣಿಸಿದ ಡೈಜೆಸ್ಟ್. ಮುಖಪುಟದ ಹೆಸರು ಹೆಚ್ಚುಕಡಿಮೆ ಒಂದೇ, ಬೆಲೆ ಮಾತ್ರ ನೂರರ ಲೆಕ್ಕದಿಂದ ಸಾವಿರಗಳಿಗೆ ಜಿಗಿಯುತ್ತದೆ. ಮೊದಲ ವರ್ಷದ ಎಲ್‌ಎಲ್‌ಬಿ ವಿದ್ಯಾರ್ಥಿ ಕಾಮೆಂಟರಿ ಹೊತ್ತು ತಂದು ಪರೀಕ್ಷೆಗೆ ಹತ್ತು ದಿನ ಇರುವಾಗ ಗೈಡ್ ಹುಡುಕುತ್ತಾರೆ. ಹೊಸದಾಗಿ ಸನ್ನದು ಪಡೆದವರು ಕಾಲೇಜಿನ ಪಠ್ಯವನ್ನೇ ನಂಬಿ ನೋಟಿಸಿನ ಅವಧಿ ತಪ್ಪು ಎಣಿಸುತ್ತಾರೆ. ಎರಡಕ್ಕೂ ಬೇರು ಒಂದೇ: ಯಾವ ಪುಸ್ತಕದ ಕೆಲಸ ಏನು ಎಂದು ಕೊಳ್ಳುವ ಮೊದಲು ವಿಚಾರಿಸಿಲ್ಲ.

ಕಾನೂನು ಪುಸ್ತಕಗಳಲ್ಲಿ ಹುಡುಕುವವು ಬೇರೆ, ಓದುವವು ಬೇರೆ. ಬೇರ್ ಆಕ್ಟ್, ಡೈಜೆಸ್ಟ್, ಮ್ಯಾನ್ಯುಯಲ್ (ಒಂದು ವಿಷಯದ ಕಾಯ್ದೆ, ನಿಯಮಗಳು ಒಟ್ಟಿಗಿರುವ ಕೈಪಿಡಿ), ತೀರ್ಪುಗಳ ವರದಿ ಇವೆಲ್ಲ ಹುಡುಕುವ ಪುಸ್ತಕಗಳು. ಬೇಕಾದ ಪುಟ ತೆರೆದು, ನೋಡಿ, ಮುಚ್ಚಿಡುವುದು. ಸಂವಿಧಾನದ ಮೇಲಿನ ದೊಡ್ಡ ವಿಮರ್ಶಾ ಗ್ರಂಥಗಳು, ಸಂಶೋಧನಾ ಕೃತಿಗಳು ಓದುವ ಪುಸ್ತಕಗಳು. ಕಾಮೆಂಟರಿ ಮತ್ತು ಪಠ್ಯಪುಸ್ತಕ ನಡುವೆ ನಿಲ್ಲುತ್ತವೆ. ಹುಡುಕುವ ಪುಸ್ತಕ ಹಾಲಿನ ಪ್ಯಾಕೆಟ್ ಇದ್ದ ಹಾಗೆ, ತಾರೀಖು ದಾಟಿದರೆ ಕೆಡುತ್ತದೆ. ಓದುವ ಪುಸ್ತಕಕ್ಕೆ ಆ ಭಯ ಕಡಿಮೆ.

ಯಾವುದರಿಂದ ಅಳೆಯಬೇಕು

ನೀವು ಪುಸ್ತಕಕ್ಕೆ ಕೇಳುವ ಪ್ರಶ್ನೆ ಯಾವುದು ಎಂಬುದೇ ಮೊದಲ ಅಳತೆ. ‘ಕಲಂನಲ್ಲಿ ಏನಿದೆ’ ಎಂದರೆ ಬೇರ್ ಆಕ್ಟ್. ‘ಅದನ್ನು ಕೋರ್ಟು ಹೇಗೆ ಓದಿದೆ’ ಎಂದರೆ ಕಾಮೆಂಟರಿ ಅಥವಾ ವರದಿ. ‘ಕಾನೂನು ಹೀಗೇಕಿದೆ, ಹೀಗಿರಬೇಕಿತ್ತೇ’ ಎಂದರೆ ವಿದ್ವತ್ ಗ್ರಂಥ.

ಎರಡನೆಯದು ತಾರೀಖು. ಮುಖಪುಟದ ಮೇಲೆ ದಪ್ಪಕ್ಷರದ ವರ್ಷವನ್ನು ನಂಬಬೇಡಿ, ಅದು ಎಷ್ಟೋ ಸಲ ಮರುಮುದ್ರಣದ ವರ್ಷ. ಮುನ್ನುಡಿಯ ಕೊನೆಯಲ್ಲಿ ಸಹಿಯ ಕೆಳಗೆ ತಿಂಗಳು, ವರ್ಷ ಇರುತ್ತದೆ. ಪುಸ್ತಕ ಹೇಳುವ ಕಾನೂನು ಅಲ್ಲಿಯವರೆಗಿನದು ಮಾತ್ರ.

ಮೂರನೆಯದು ಕರ್ನಾಟಕ. ದೇಶಕ್ಕೆಲ್ಲ ಮಾರುವ ಪುಸ್ತಕದಲ್ಲಿ ನಮ್ಮ ರಾಜ್ಯದ ತಿದ್ದುಪಡಿ, ನಮ್ಮ ಹೈಕೋರ್ಟಿನ ನಿಯಮ ಎಷ್ಟಿದೆ? ನಾಲ್ಕನೆಯದು ಒಳಗೆ ಹೋಗುವ ದಾರಿ: ವಿಷಯಸೂಚಿ, ತೀರ್ಪುಗಳ ಪಟ್ಟಿ, ಹಳೆ–ಹೊಸ ಕಲಂಗಳ ಹೋಲಿಕೆ ಪಟ್ಟಿ. ಸೂಚಿ ಕೆಟ್ಟಿದ್ದರೆ ಎಂಥ ಪಂಡಿತರ ಕಾಮೆಂಟರಿಯೂ ಕೋರ್ಟಿನ ಗಡಿಬಿಡಿಯಲ್ಲಿ ಕೆಲಸಕ್ಕೆ ಬಾರದು. ಕೊನೆಯದು ನಿರ್ವಹಣೆಯ ಖರ್ಚು. ಒಂದು ಸಲ ಕೊಟ್ಟ ಬೆಲೆಯನ್ನಷ್ಟೇ ನೋಡಿದರೆ ಸಾಲದು, ಎಷ್ಟು ವರ್ಷಕ್ಕೊಮ್ಮೆ ಮತ್ತೆ ಕೊಳ್ಳಬೇಕು ಎಂಬುದನ್ನೂ ಲೆಕ್ಕ ಹಾಕಿ.

ಬೇರ್ ಆಕ್ಟ್: ಅಗ್ಗ, ಅಧಿಕೃತ, ಆದರೆ ಮೂಕ

ಯಾರೇ ಆಗಲಿ ಮೊದಲು ಕೊಳ್ಳಬೇಕಾದದ್ದು ಇದೇ. ಕಾಯ್ದೆಯ ಮೂಲಪಾಠವೇ ಇಲ್ಲಿರುವುದರಿಂದ ಉಳಿದ ಪುಸ್ತಕಗಳೆಲ್ಲ ಇದರ ಮೇಲೆ ನಿಂತಿವೆ. ಹಣವಿಲ್ಲದಿದ್ದರೂ ಅಡ್ಡಿಯಿಲ್ಲ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ, ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಆದರೂ ಅಚ್ಚಾದ ಪ್ರತಿಯ ಅನುಕೂಲವೇ ಬೇರೆ. ಕಲಂ, ಪರಂತುಕ, ವಿವರಣೆ, ದೃಷ್ಟಾಂತ ಎಲ್ಲ ಒಂದೇ ನೋಟಕ್ಕೆ ಸಿಗುವುದು ಕಾಗದದ ಮೇಲೆ.

ಬೇರ್ ಆಕ್ಟಿನಲ್ಲೂ ಎರಡು ಜಾತಿ. ಒಂದು ಬರಿಯ ಪಾಠ, ಇನ್ನೊಂದು ಕಲಂ ಕೆಳಗೆ ಸಣ್ಣಕ್ಷರದಲ್ಲಿ ತೀರ್ಪುಗಳ ಟಿಪ್ಪಣಿ ಇರುವುದು. ಕಚೇರಿಗೆ ಎರಡನೆಯದು ಒಳ್ಳೆಯದು. ಅಖಿಲ ಭಾರತ ವಕೀಲರ ಪರೀಕ್ಷೆಗೆ ಕೂರುವವರು ಮಾತ್ರ ಮೊದಲನೆಯದನ್ನೇ ತರಬೇಕು. ಅಲ್ಲಿ ಟಿಪ್ಪಣಿಯಿಲ್ಲದ ಬೇರ್ ಆಕ್ಟ್ ಒಯ್ಯಲು ಮಾತ್ರ ಅವಕಾಶ. ಅಂಗಡಿಯವರು ‘ಬೇರ್ ಆಕ್ಟ್’ ಎಂದು ಕೊಟ್ಟದ್ದರಲ್ಲಿ ಟಿಪ್ಪಣಿ ಇದ್ದರೆ ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಅದನ್ನು ಬಿಟ್ಟು ಒಳಗೆ ಹೋಗಬೇಕಾದೀತು. ಎರಡು ಮೂರು ಕಲಂಗಳನ್ನು ತೆರೆದು, ಕೆಳಗೆ ತೀರ್ಪಿನ ಹೆಸರುಗಳಿವೆಯೇ ಎಂದು ಅಂಗಡಿಯಲ್ಲೇ ನೋಡಿಬಿಡಿ.

ಬೇರ್ ಆಕ್ಟ್ ಹೇಳದಿರುವುದು ಏನೇನು ಎಂಬುದು ಇನ್ನೂ ಮುಖ್ಯ. ಸಂವಿಧಾನ ತಿದ್ದುವ ಅಧಿಕಾರದ 368ನೇ ಅನುಚ್ಛೇದದ 4 ಮತ್ತು 5ನೇ ಖಂಡಗಳನ್ನು ಸುಪ್ರೀಂ ಕೋರ್ಟು 1980ರಲ್ಲಿ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ರದ್ದು ಮಾಡಿತು. (ಆ ಮಿಲ್ಲು ನಮ್ಮ ಬೆಂಗಳೂರಿನದೇ.) ಹಾಗಿದ್ದರೂ ಎರಡೂ ಖಂಡಗಳು ಇವತ್ತಿಗೂ ಪಾಠದಲ್ಲಿ ಅಚ್ಚಾಗುತ್ತವೆ. ರದ್ದಾದ ಮಾತು ಅಡಿಟಿಪ್ಪಣಿಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದರ ಬಗೆಗಿನ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕತೆಯೂ ಬಹುಕಾಲ ಅದೇ ಆಗಿತ್ತು. 2015ರ ಮಾರ್ಚ್ 24ರಂದು ಅಸಾಂವಿಧಾನಿಕ ಎನಿಸಿಕೊಂಡ ಕಲಂ ಅಡಿಯಲ್ಲಿ ಎಷ್ಟೋ ವರ್ಷ ಪೊಲೀಸರು ಕೇಸು ಹಾಕುತ್ತಲೇ ಇದ್ದರು. ಕೋರ್ಟು ರದ್ದು ಮಾಡಿದ ಕಲಂ ಪುಸ್ತಕದಿಂದ ತಾನಾಗಿ ಅಳಿಸಿಹೋಗುವುದಿಲ್ಲ. ಅದನ್ನು ತೆಗೆಯಬೇಕಾದದ್ದು ಶಾಸಕಾಂಗ.

ತಿರುಗುಮುರುಗಿನ ಉದಾಹರಣೆಯೂ ಉಂಟು. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(2), ಅಂದರೆ ಅಪಘಾತ ಮಾಡಿ ಪರಾರಿಯಾಗುವ ಚಾಲಕನಿಗೆ ಹೆಚ್ಚಿನ ಶಿಕ್ಷೆಯ ಉಪಕಲಂ, ಎಲ್ಲ ಪ್ರತಿಗಳಲ್ಲೂ ಅಚ್ಚಾಗಿದೆ. 2024ರ ಜುಲೈ 1ರಂದು ಸಂಹಿತೆ ಜಾರಿಗೆ ತಂದ ಅಧಿಸೂಚನೆ ಅದೊಂದನ್ನು ಹೊರಗಿಟ್ಟಿತು. ಈ ಅಡಿಟಿಪ್ಪಣಿ ಇದೆಯೇ ಎಂದು ನೋಡಿದರೆ ಪ್ರಕಾಶಕರು ಎಷ್ಟು ಎಚ್ಚರದವರು ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಿಆರ್‌ಪಿಸಿಯ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಕೊಳ್ಳುವಾಗ ಮೊದಲನೆಯ ಅನುಸೂಚಿಯನ್ನು ತೆರೆಯಿರಿ. ಜಾಮೀನು ಸಿಗುವ ಅಪರಾಧವೇ ಅಲ್ಲವೇ, ಯಾವ ಕೋರ್ಟು ವಿಚಾರಿಸಬೇಕು ಎಂಬ ಪಟ್ಟಿ ಅಲ್ಲಿದೆ. ಜೂನಿಯರ್‌ಗಳು ದಿನಕ್ಕೆ ಹತ್ತು ಸಲ ತಿರುವುವ ಪುಟಗಳು ಇವೇ. ಪಾಕೆಟ್ ಪ್ರತಿಗಳಲ್ಲಿ ಅದರ ಅಕ್ಷರ ಸಾಸಿವೆಯಷ್ಟಾಗಿರುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಾದರೆ ಕೊನೆಯ ಅನುಸೂಚಿ ಇರಲೇಬೇಕು. 63ನೇ ಕಲಂ ಕೇಳುವ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರದ ನಮೂನೆ, ಭಾಗ ಎ ಮತ್ತು ಭಾಗ ಬಿ, ಅಲ್ಲೇ ಇರುವುದು.

ಹಳೆಯ ಐಪಿಸಿಯನ್ನು ರದ್ದಿಗೆ ಹಾಕಬೇಡಿ

ಹೊಸ ಮೂರು ಸಂಹಿತೆಗಳು ಬಂದ ಮೇಲೆ ಹೆಚ್ಚು ಕೇಳಿಬರುವ ಗೊಂದಲ ಇದು. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಆ ದಿನಕ್ಕೆ ಬಾಕಿಯಿದ್ದ ವಿಚಾರಣೆ, ಮೇಲ್ಮನವಿಗಳು ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತವೆ. ಆದ್ದರಿಂದ ಕ್ರಿಮಿನಲ್ ವಕೀಲರ ಮೇಜಿನ ಮೇಲೆ ಎರಡೂ ಜೊತೆ ಇನ್ನೂ ಹಲವು ವರ್ಷ ಇರಬೇಕು. ಹೊಸದಾಗಿ ಓದುವ ವಿದ್ಯಾರ್ಥಿಗೆ ಮಾತ್ರ ಹೊಸದು ಸಾಕು.

ಅಂಕಿಗಳ ಗೋಜಲು ಸಣ್ಣದಲ್ಲ. ಐಪಿಸಿಯ 511 ಕಲಂ ಸಂಹಿತೆಯಲ್ಲಿ 358 ಆಗಿವೆ. ಕೊಲೆಯ 302 ಈಗ 103, ವಂಚನೆಯ 420 ಈಗ 318(4). ಈಗಿನ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಇನ್ನೂ ಎಡವಟ್ಟಾದದ್ದು 482: ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ, ಸುರಕ್ಷಾ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಹೀಗಾಗಿ ಹೋಲಿಕೆ ಪಟ್ಟಿ ಎರಡೂ ದಿಕ್ಕಿನಲ್ಲಿರುವ ಪುಸ್ತಕವನ್ನೇ ಆರಿಸಿ. ಎಫ್‌ಐಆರ್ ಕೈಗೆ ಬಂದಾಗ ಹೊಸದರಿಂದ ಹಳೆಯದಕ್ಕೆ ಹೋಗಬೇಕು, ಏಕೆಂದರೆ ತೀರ್ಪುಗಳ ಭಂಡಾರವೆಲ್ಲ ಹಳೆ ಅಂಕಿಯಲ್ಲಿದೆ. ಹಳೆ ತೀರ್ಪು ಓದಿ ಅರ್ಜಿ ಬರೆಯುವಾಗ ಹಳೆಯದರಿಂದ ಹೊಸದಕ್ಕೆ ಬರಬೇಕು. ಅನೇಕ ಅಗ್ಗದ ಪ್ರತಿಗಳಲ್ಲಿ ಒಂದೇ ದಿಕ್ಕಿನ ಪಟ್ಟಿ ಇರುತ್ತದೆ.

ಇಂಥದ್ದೇ ಬದಲಾವಣೆ ಇನ್ನೆರಡು ಕಡೆ ಆಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಆದಾಯ ತೆರಿಗೆಯಲ್ಲಿ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ, 2026ರ ಏಪ್ರಿಲ್ 1ರಿಂದ. ಈ ಎರಡು ವಿಷಯಗಳಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಹಳೆ ಕಾಮೆಂಟರಿ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ಕಾಮೆಂಟರಿ: ಒಂದೇ ಕಲಂನಲ್ಲಿ ಪರೀಕ್ಷಿಸಿ

ಎನ್‌ಐ ಆಕ್ಟಿನ 138ನೇ ಕಲಂ ತೆಗೆದುಕೊಳ್ಳೋಣ. ಬ್ಯಾಂಕಿನಿಂದ ಚೆಕ್ ವಾಪಸಾದ ಮೆಮೊ ಮಾರ್ಚ್ 3ರಂದು ಕೈಸೇರಿತು ಎನ್ನಿ. ಬೇರ್ ಆಕ್ಟ್ ಹೇಳುವುದು ಇಷ್ಟು: ಮಾಹಿತಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ 15 ದಿನದೊಳಗೆ ಹಣ ಕೊಡದಿದ್ದರೆ ವ್ಯಾಜ್ಯಕಾರಣ (ದೂರು ಹಾಕುವ ಹಕ್ಕು), ಅಲ್ಲಿಂದ ಒಂದು ತಿಂಗಳೊಳಗೆ ದೂರು. ಕೊನೆಯ ಗಡುವು ಇರುವುದು 138ರಲ್ಲಲ್ಲ, 142ರಲ್ಲಿ. ಒಂದೇ ಕಲಂ ಓದಿ ನಿಲ್ಲಿಸುವವರು ಎಡವುವುದು ಇಲ್ಲೇ.

ಎಣಿಸುವುದು ಹೇಗೆ? ಅದನ್ನು ಬೇರ್ ಆಕ್ಟ್ ಹೇಳುವುದಿಲ್ಲ. ಮೆಮೊ ಬಂದ ದಿನ ಬಿಟ್ಟು ಎಣಿಸಿದರೆ ನೋಟಿಸಿನ ಕೊನೆಯ ದಿನ ಏಪ್ರಿಲ್ 2. ನೋಟಿಸು ಏಪ್ರಿಲ್ 10ರಂದು ತಲುಪಿದರೆ 15 ದಿನ ಏಪ್ರಿಲ್ 25ಕ್ಕೆ ಮುಗಿದು, 26ಕ್ಕೆ ವ್ಯಾಜ್ಯಕಾರಣ ಹುಟ್ಟುತ್ತದೆ. ಆ ದಿನವನ್ನೂ ಬಿಟ್ಟು ಎಣಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ಇನ್ನು ‘ತಿಂಗಳು’ ಎಂದರೆ 30 ದಿನವಲ್ಲ, ಕ್ಯಾಲೆಂಡರ್ ತಿಂಗಳು. ಈ ಅರ್ಥ ಇರುವುದು 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲಿ. ಹಾಗಾಗಿ ದೂರಿನ ಕೊನೆಯ ದಿನ ಮೇ 26. ಇಷ್ಟನ್ನೂ ಒಂದೇ ಕಡೆ, ತೀರ್ಪಿನ ಆಧಾರದೊಂದಿಗೆ ಜೋಡಿಸಿಕೊಟ್ಟರೆ ಅದು ಕಾಮೆಂಟರಿ. ತೀರ್ಪಿನ ಸಾಲುಗಳನ್ನು ಒಂದರ ಮೇಲೊಂದು ಅಂಟಿಸಿ ಎಂಟುನೂರು ಪುಟ ತುಂಬಿಸಿದ್ದು ಡೈಜೆಸ್ಟಿಗೆ ಕಾಮೆಂಟರಿಯ ರಟ್ಟು ಹಾಕಿದ್ದು. ಮಾರುಕಟ್ಟೆಯಲ್ಲಿ ಎರಡನೆಯದೇ ಜಾಸ್ತಿ.

ಅದೇ ಕಲಂ ಪುಸ್ತಕದ ವಯಸ್ಸನ್ನೂ ಹೇಳುತ್ತದೆ. ನೋಟಿಸಿಗೆ 15 ದಿನ ಎಂದಿದ್ದರೆ ಅದು 2002ರ ತಿದ್ದುಪಡಿಗೂ ಹಿಂದಿನ ಪ್ರತಿ. ದೂರನ್ನು ಚೆಕ್ ಕೊಟ್ಟವರ ಬ್ಯಾಂಕ್ ಇರುವ ಊರಿನಲ್ಲೇ ಹಾಕಬೇಕು ಎಂದಷ್ಟೇ ಬರೆದು ನಿಲ್ಲಿಸಿದ್ದರೆ ಅದು 2014ರ ತೀರ್ಪಿಗೂ 2015ರ ತಿದ್ದುಪಡಿಗೂ ನಡುವೆ ಸಿಕ್ಕಿಬಿದ್ದ ಪುಸ್ತಕ. ಚೆಕ್ ಅನ್ನು ಖಾತೆಗೆ ಹಾಕಿದ್ದರೆ ದೂರು ಈಗ ಹಣ ಪಡೆಯುವವರ ಖಾತೆಯ ಶಾಖೆ ಇರುವಲ್ಲಿ. ಚೆಕ್ ಹಾಜರುಪಡಿಸಲು ಆರು ತಿಂಗಳು ಎಂದು ಕಲಂ ಈಗಲೂ ಹೇಳುತ್ತದೆ, ಆದರೆ ಅದು ‘ಆರು ತಿಂಗಳು ಅಥವಾ ಚೆಕ್ಕಿನ ಸಿಂಧುತ್ವದ ಅವಧಿ, ಯಾವುದು ಮೊದಲೋ ಅದು’. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಆ ಸಿಂಧುತ್ವವನ್ನು ಮೂರು ತಿಂಗಳಿಗೆ ಇಳಿಸಿದೆ. ಇದನ್ನು ಹೇಳದ ಕಾಮೆಂಟರಿಯನ್ನು ಕೌಂಟರಿನ ಮೇಲೇ ಬಿಟ್ಟು ಬನ್ನಿ. 139ರ ಪೂರ್ವಭಾವನೆಯಲ್ಲಿ, ಅಂದರೆ ಸುಳ್ಳೆಂದು ತೋರಿಸುವವರೆಗೆ ಕೋರ್ಟು ನಿಜವೆಂದು ಹಿಡಿಯುವ ಸಂಗತಿಯಲ್ಲಿ, ಸಾಲ ಇತ್ತೆಂಬುದೂ ಸೇರುತ್ತದೆ ಎಂದ 2010ರ ರಂಗಪ್ಪ ತೀರ್ಪು ಇದೆಯೇ ಎಂದೂ ನೋಡಿ. ಅದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ.

ಹಿಂದೂ ಉತ್ತರಾಧಿಕಾರದ ಪುಸ್ತಕಕ್ಕೂ ಇಂಥ ಒರೆಗಲ್ಲಿದೆ. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಕೇಂದ್ರದ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕೆಂಬ ಷರತ್ತಿಲ್ಲ, ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹಕ್ಕು ಹುಟ್ಟಿನಿಂದಲೇ. ಇದಕ್ಕಿಂತ ಹಳೆಯ ಆವೃತ್ತಿ ಉಲ್ಟಾ ಹೇಳುತ್ತದೆ. ಪಾಲುವಿಭಾಗದ ದಾವೆ ನಡೆಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1994ರ ಜುಲೈ 30ರಿಂದ ಜಾರಿಗೆ ಬಂದಿದ್ದ ಕರ್ನಾಟಕದ ತಿದ್ದುಪಡಿ, ಅಂದರೆ 6ಎ ಕಲಂ, ಪುಸ್ತಕದಲ್ಲಿ ಇದೆಯೇ ನೋಡಬೇಕು.

ಒಂದು ಸಂಪುಟವೋ, ಎರಡು ಮೂರು ಸಂಪುಟವೋ? ತಾಲ್ಲೂಕು ಕೋರ್ಟಿನಲ್ಲಿ ಎಲ್ಲ ಬಗೆಯ ಕೆಲಸ ಮಾಡುವವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಒಂದು ಸಂಪುಟದ ಕಾಮೆಂಟರಿ ಸಾಕಾಗುತ್ತದೆ. ಆದೇಶ 39ರ ತಡೆಯಾಜ್ಞೆ, ಆದೇಶ 6 ನಿಯಮ 17ರ ತಿದ್ದುಪಡಿ ಅರ್ಜಿ, ಆದೇಶ 7 ನಿಯಮ 11ರ ದಾವಾಪತ್ರ ತಿರಸ್ಕಾರ ಇವುಗಳಲ್ಲೇ ದಿನದ ಬಹುಪಾಲು ಕಳೆಯುತ್ತದೆ. ಮೇಲ್ಮನವಿ, ರಿಟ್ ಮಾಡುವ ಕಚೇರಿಗೆ ಬಹುಸಂಪುಟ ಬೇಕು. ಸಂಪುಟಗಳನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಆವೃತ್ತಿಯಲ್ಲಿ ಕೊಳ್ಳಬೇಡಿ. ಸೂಚಿ ಕೊನೆಯ ಸಂಪುಟದಲ್ಲಿರುತ್ತದೆ, ಹಳೆಯ ಸಂಪುಟದ ಪುಟಸಂಖ್ಯೆಗೆ ಅದು ತಾಳೆಯಾಗುವುದಿಲ್ಲ.

ಪಠ್ಯಪುಸ್ತಕ ಮತ್ತು ಗೈಡ್

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಪ್ರತಿ ಘಟಕದಿಂದ ಒಂದು ಪ್ರಬಂಧ ಪ್ರಶ್ನೆ, ಜೊತೆಗೆ ಟಿಪ್ಪಣಿ ಇಲ್ಲವೇ ಸಮಸ್ಯೆ ಬರುತ್ತದೆ. ಗೈಡ್ ಪ್ರಬಂಧಕ್ಕೆ ನೆರವಾಗುತ್ತದೆ, ಸಮಸ್ಯೆಗೆ ಕೈಕೊಡುತ್ತದೆ. ತತ್ವ ಗೊತ್ತಿಲ್ಲದೆ ಸಮಸ್ಯೆ ಬಿಡಿಸಲಾಗದು. ಒಂದು ವಿಷಯಕ್ಕೆ ಒಂದು ಪಠ್ಯ, ಒಂದು ಬೇರ್ ಆಕ್ಟ್, ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ, ಇಷ್ಟಾದರೆ ಸಾಕು. ಒಪ್ಪಂದ ಕಾಯ್ದೆ, ಅಪಕೃತ್ಯ ಕಾನೂನು, ನ್ಯಾಯಶಾಸ್ತ್ರದ ಪಠ್ಯಗಳನ್ನು ಹಳೆಯದಾಗಿಯೇ ಕೊಳ್ಳಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕಾವು, ಇಲ್ಲವೇ ಹಿಂದಿನ ಬ್ಯಾಚಿನವರ ಹತ್ತಿರ. ಈ ವಿಷಯಗಳ ಬುಡ ಅಷ್ಟು ಬೇಗ ಅಲುಗುವುದಿಲ್ಲ. ಕ್ರಿಮಿನಲ್, ತೆರಿಗೆ, ಕಾರ್ಮಿಕ ಕಾನೂನು ಮಾತ್ರ ಹೊಸದೇ ಆಗಬೇಕು.

ಸ್ಥಳೀಯ ಮ್ಯಾನ್ಯುಯಲ್: ಹೆಚ್ಚು ಜನ ಕಡೆಗಣಿಸುವ ಪುಸ್ತಕ

ದೆಹಲಿ, ಲಖನೌ ಕಡೆ ಅಚ್ಚಾದ ದುಬಾರಿ ಕಾಮೆಂಟರಿಗಿಂತ ಕರ್ನಾಟಕದ ಒಂದು ಸಾಧಾರಣ ಮ್ಯಾನ್ಯುಯಲ್ ಕೆಲವು ಕೆಲಸಕ್ಕೆ ಮೇಲು. ಮುದ್ರಾಂಕದ್ದನ್ನೇ ನೋಡಿ. ನಮ್ಮಲ್ಲಿ ನಡೆಯುವುದು 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ. ಮುದ್ರಾಂಕ ಕಡಿಮೆಯಿರುವ ದಸ್ತಾವೇಜನ್ನು ಸಾಕ್ಷ್ಯಕ್ಕೆ ಒಪ್ಪಬಾರದೆಂಬ ಕಲಂ ನಮ್ಮ ಕಾಯ್ದೆಯಲ್ಲಿ 34, ಕೇಂದ್ರದ 1899ರ ಕಾಯ್ದೆಯಲ್ಲಿ 35. ತಕರಾರಿನಲ್ಲಿ 35 ಎಂದು ಬರೆದಿದ್ದರೆ ಆ ವಕೀಲರು ಯಾವ ಪುಸ್ತಕ ಇಟ್ಟುಕೊಂಡಿದ್ದಾರೆಂದು ಎದುರಿನವರಿಗೆ ತಿಳಿದುಹೋಗುತ್ತದೆ. ದರಗಳ ಅನುಸೂಚಿ ಮೇಲಿಂದ ಮೇಲೆ ಬದಲಾಗುತ್ತದೆ. 2023ರ ತಿದ್ದುಪಡಿಯಲ್ಲಿ ಅಫಿಡವಿಟ್ಟಿನ ಮುದ್ರಾಂಕ 20 ರೂಪಾಯಿಯಿಂದ 100ಕ್ಕೆ ಏರಿತು. ಪುಸ್ತಕದಲ್ಲಿ 20 ಎಂದಿದ್ದರೆ ಉಳಿದ ದರಗಳನ್ನೂ ನಂಬಬೇಡಿ.

ನ್ಯಾಯಾಲಯ ಶುಲ್ಕಕ್ಕೂ ಹಾಗೇ, 1958ರ ಕರ್ನಾಟಕದ ಕಾಯ್ದೆಯೇ ಬೇಕು. ಘೋಷಣೆಗೆ 24, ತಡೆಯಾಜ್ಞೆಗೆ 26, ಪಾಲಿಗೆ 35ನೇ ಕಲಂ. ಜಮೀನಿನ ವ್ಯವಹಾರಕ್ಕೆ 1964ರ ಭೂಕಂದಾಯ ಕಾಯ್ದೆಯ ಜೊತೆ 1966ರ ನಿಯಮಗಳೂ ಒಂದೇ ರಟ್ಟಿನೊಳಗೆ ಇರಲಿ. ಭೂಪರಿವರ್ತನೆಯ 95, ಖಾತೆ ಬದಲಾವಣೆಯ 128 ಮತ್ತು 129, ಮೇಲ್ಮನವಿಯ 136 ಇವನ್ನು ನಿಯಮ ಇಲ್ಲದೆ ಓದಿದರೆ ಅರ್ಧ ಓದಿದಂತೆ. ಭೂಸುಧಾರಣಾ ಕಾಯ್ದೆಯ ಪುಸ್ತಕದಲ್ಲಿ 79ಎ, 79ಬಿ ಇನ್ನೂ ಜೀವಂತ ಇದ್ದರೆ, ಅಂದರೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಆದಾಯದ ಮಿತಿ ಹೇಳುತ್ತಿದ್ದರೆ, ಅದು 2020ರ ತಿದ್ದುಪಡಿಗೆ ಹಿಂದಿನದು.

ವಕೀಲರಲ್ಲದ ಓದುಗರಿಗೆ, ಜಮೀನಿನ ತಗಾದೆ ಇರುವವರಿಗೆ, ಪಂಚಾಯಿತಿ ಸದಸ್ಯರಿಗೆ, ಬೇರ್ ಆಕ್ಟ್ ಬಿಟ್ಟರೆ ಕೊಳ್ಳಲು ಯೋಗ್ಯವಾದದ್ದು ಇದೊಂದೇ ಬಗೆ. ಕಾಮೆಂಟರಿಗೆ ಹಣ ಹಾಕುವ ಬದಲು ಆ ದುಡ್ಡನ್ನು ವಕೀಲರ ಸಲಹೆಗೆ ಕೊಡಿ.

ತೀರ್ಪಿನ ವರದಿ, ಡೈಜೆಸ್ಟ್, ಡೇಟಾಬೇಸ್

ಗೋಡೆ ತುಂಬ ವರದಿಗಳ ಕೆಂಪು, ಕಪ್ಪು ಸಾಲು ಇದ್ದರೆ ಕಚೇರಿಗೆ ಕಳೆ ಬರುತ್ತದೆ ಎಂಬ ಕಾಲ ಇತ್ತು. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳೇ ಇ-ಎಸ್‌ಸಿಆರ್ ಜಾಲತಾಣದಲ್ಲಿ ಪುಕ್ಕಟೆ. ಕನ್ನಡಕ್ಕೆ ಅನುವಾದವಾದ ತೀರ್ಪುಗಳೂ ಇವೆ. ಕರ್ನಾಟಕ ಹೈಕೋರ್ಟಿನ ತೀರ್ಪಿನ ನೆತ್ತಿಯ ಮೇಲೆ ಈಗ ಕೋರ್ಟೇ ಕೊಡುವ ಉಲ್ಲೇಖ ಸಂಖ್ಯೆ, ಅಂದರೆ ತಟಸ್ಥ ಸೈಟೇಷನ್, ಇರುತ್ತದೆ. ವರ್ಷ, ಕೆಎಚ್‌ಸಿ, ಸಂಖ್ಯೆ, ಈ ಕ್ರಮ. ಧಾರವಾಡ ಪೀಠಕ್ಕೆ ಡಿ, ಕಲಬುರಗಿಗೆ ಕೆ ಸೇರುತ್ತದೆ. ಹಾಗಾಗಿ ಹೊಸಬರು ಅಚ್ಚಿನ ವರದಿಗೆ ಚಂದಾ ಕಟ್ಟುವ ಅಗತ್ಯ ಕಾಣದು.

ಹಣ ಕೊಟ್ಟ ವರದಿಯಲ್ಲಿ ಸಿಗುವ ಹೆಚ್ಚಿನ ವಸ್ತು ಎಂದರೆ ತೀರ್ಪಿನ ಮೊದಲಿಗೆ ಹಾಕುವ ಸಾರಾಂಶ, ಅಂದರೆ ಹೆಡ್‌ನೋಟ್. ಅದು ನ್ಯಾಯಾಧೀಶರ ಮಾತಲ್ಲ, ಸಂಪಾದಕರದ್ದು. ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಈ ಗೆರೆಯನ್ನೇ ಎಳೆದದ್ದು: ತೀರ್ಪಿನ ಮೂಲಪಾಠದ ಮೇಲೆ ಪ್ರಕಾಶಕರಿಗೆ ಕೃತಿಸ್ವಾಮ್ಯ ಇಲ್ಲ, ತಮ್ಮ ಬುದ್ಧಿ ಖರ್ಚು ಮಾಡಿ ಸೇರಿಸಿದ್ದಕ್ಕೆ ಉಂಟು. ಡೈಜೆಸ್ಟ್ ಇಂಥ ಹೆಡ್‌ನೋಟುಗಳ ಸಂತೆ. ದಾರಿ ತೋರಿಸಲು ಚೆನ್ನ, ಕೋರ್ಟಿನಲ್ಲಿ ಓದಲು ಅಲ್ಲ. ಡೈಜೆಸ್ಟಿನಲ್ಲಿ ಸಿಕ್ಕಿದ್ದನ್ನು ಪೂರ್ತಿ ತೀರ್ಪಿನ ಪ್ಯಾರಾಗೆ ತಾಳೆ ನೋಡದೆ ಕೋರ್ಟಿಗೆ ಕೊಡುವ ಮೆಮೊಗೆ ಏರಿಸಿದರೆ, ‘ಮುಂದಿನ ಪ್ಯಾರಾ ಓದಿ’ ಎಂಬ ಮಾತು ಪೀಠದಿಂದ ಬರುತ್ತದೆ. ಕೃತಕ ಬುದ್ಧಿಮತ್ತೆ ಕೊಟ್ಟ ಸೈಟೇಷನ್‌ಗೂ ಇದೇ ಔಷಧ: ಕೋರ್ಟಿನ ಜಾಲತಾಣದಲ್ಲಿ ಸಿಗದಿದ್ದರೆ ಅದು ಇಲ್ಲ ಎಂದೇ ತಿಳಿಯಿರಿ.

ಹಣ ತೆರುವ ಡೇಟಾಬೇಸ್ ಮೂರು ನಾಲ್ಕು ಜನ ಸೇರಿ ನಡೆಸುವ ಕಚೇರಿಗೆ ಹೊಂದುತ್ತದೆ. ಒಬ್ಬರೇ ಇರುವವರು ವಕೀಲರ ಸಂಘದ ಗ್ರಂಥಾಲಯದಲ್ಲಿ ಅದಿದೆಯೇ ಎಂದು ಮೊದಲು ಕೇಳಲಿ.

ಓದುವ ಪುಸ್ತಕಗಳು

ಇಲ್ಲಿ ಅಳತೆಗೋಲು ತಿರುವುಮುರುವಾಗುತ್ತದೆ. ನ್ಯಾಯವಾದಿ ಎಚ್.ಎಂ. ಸೀರವಾಯಿಯವರ ಸಂವಿಧಾನ ಗ್ರಂಥದ ನಾಲ್ಕನೆಯ ಆವೃತ್ತಿ ಮೂರು ಸಂಪುಟಗಳದ್ದು. ಕೊನೆಯ ಸಂಪುಟ ಬಂದದ್ದು ಅವರು ತೀರಿಕೊಂಡ 1996ರಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪು ಅದರಲ್ಲಿರಲು ಸಾಧ್ಯವಿಲ್ಲ. ಹುಡುಕುವ ಪುಸ್ತಕವಾಗಿ ನೋಡಿದರೆ ಅದು ಹಳೆಯದು. ಆದರೆ ಒಂದು ತೀರ್ಪಿನ ತರ್ಕವನ್ನು ಎಳೆ ಎಳೆಯಾಗಿ ಬಿಡಿಸಿ, ಎಲ್ಲಿ ನೂಲು ತುಂಡಾಗಿದೆ ಎಂದು ತೋರಿಸುವ ಕಲೆ ಅಲ್ಲಿ ಸಿಕ್ಕಷ್ಟು ಬೇರೆಡೆ ಸಿಗದು. ಗ್ರ್ಯಾನ್‌ವಿಲ್ ಆಸ್ಟಿನ್ ಅವರು ಸಂವಿಧಾನ ರಚನೆಯ ಬಗ್ಗೆ ಬರೆದದ್ದು 1966ರಲ್ಲಿ. ಅದು ಚರಿತ್ರೆಯಾದ್ದರಿಂದ ತಿದ್ದುಪಡಿ ಬಂದ ಮಾತ್ರಕ್ಕೆ ಕೆಡುವುದಿಲ್ಲ. ಇಂಥವನ್ನು ಹಳೆ ಪ್ರತಿಯಾಗಿ ಕೊಳ್ಳುವುದೇ ಜಾಣತನ.

ಮತ್ತೆ 368ಕ್ಕೆ ಬನ್ನಿ. ಸಂವಿಧಾನದ ಮೂಲರಚನೆಯನ್ನು ತಿದ್ದುವಂತಿಲ್ಲ ಎಂಬ ಮಾತು ಆ ಅನುಚ್ಛೇದದ ಯಾವ ಸಾಲಿನಲ್ಲೂ ಇಲ್ಲ. ಅದು 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರಲ್ಲಿ 7 ಜನ ಒಪ್ಪಿದ್ದರಿಂದ ಬಂದದ್ದು. ಬೇರ್ ಆಕ್ಟ್ ಇದನ್ನು ಹೇಳದು. ಪಠ್ಯಪುಸ್ತಕ ಅರ್ಧ ಪುಟದಲ್ಲಿ ಮುಗಿಸುತ್ತದೆ, ಕಾಮೆಂಟರಿ ನಂತರದ ತೀರ್ಪುಗಳನ್ನು ಪಟ್ಟಿ ಮಾಡುತ್ತದೆ. ಆ ಏಳು ಜನ ಒಂದೇ ಮಾತು ಹೇಳಿದರೋ ಏಳು ಮಾತು ಹೇಳಿದರೋ ಎಂದು ಕೇಳಲು ವಿದ್ವತ್ ಗ್ರಂಥವೇ ಬೇಕು. ಎಲ್‌ಎಲ್‌ಎಂ ಮಾಡುವವರಿಗೆ, ರಿಟ್ ವಾದಿಸುವವರಿಗೆ ಈ ಪ್ರಶ್ನೆ ಬೇಕು. ಜಾಮೀನು ಅರ್ಜಿ ಹಾಕುವವರಿಗೆ ಈ ವಾರಕ್ಕಂತೂ ಬೇಡ.

ಇವುಗಳ ಮಿತಿಯೂ ಗೊತ್ತಿರಲಿ. ಎಷ್ಟೇ ದೊಡ್ಡ ಲೇಖಕರಾದರೂ ಕೋರ್ಟಿಗೆ ಅವರ ಮಾತು ಮನವೊಲಿಸುವ ಸರಕು ಮಾತ್ರ, ಕಟ್ಟಿಹಾಕುವ ಹಗ್ಗವಲ್ಲ. 141ನೇ ಅನುಚ್ಛೇದದಡಿ ಬದ್ಧವಾಗುವುದು ಸುಪ್ರೀಂ ಕೋರ್ಟು ಘೋಷಿಸಿದ ಕಾನೂನು. ದುಬಾರಿ ಎನಿಸಿದರೆ ಸಂವಿಧಾನ ಸಭೆಯ ಚರ್ಚೆಗಳು, ಕಾನೂನು ಆಯೋಗದ ವರದಿಗಳು ಜಾಲತಾಣಗಳಲ್ಲಿ ಪುಕ್ಕಟೆಯಾಗಿವೆ. ಅರ್ಧದಷ್ಟು ಸಂಶೋಧನೆ ಇವುಗಳಿಂದಲೇ ಆಗುತ್ತದೆ.

ಕನ್ನಡದಲ್ಲಿ ಕೊಳ್ಳಬೇಕೇ?

ಉತ್ತರಪತ್ರಿಕೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯಲು ವಿಶ್ವವಿದ್ಯಾಲಯ ಅವಕಾಶ ಕೊಟ್ಟಿದೆ. ಹಾಗೆ ಬರೆಯುವವರು ಕನ್ನಡ ಪಠ್ಯದ ಜೊತೆ ಇಂಗ್ಲಿಷ್ ಬೇರ್ ಆಕ್ಟ್ ಇಟ್ಟುಕೊಳ್ಳಲಿ. ಕೇಂದ್ರದ ಕಾಯ್ದೆಗೆ ಖಾಸಗಿ ಪ್ರಕಾಶಕರು ಮಾಡಿಸಿದ ಅನುವಾದ ಅಧಿಕೃತವಲ್ಲ. ಸರ್ಕಾರ ಪ್ರಕಟಿಸಿದ ಪಾಠಕ್ಕೆ ಮಾತ್ರ ಆ ಮಾನ್ಯತೆ. ರಾಜ್ಯದ ಕಾಯ್ದೆಗಳಲ್ಲಿ ಕನ್ನಡ ಪಾಠವನ್ನು ನೆಚ್ಚಿ ಓದಬಹುದು. ಪದಗಳಲ್ಲಿ ಎಚ್ಚರ ಇರಲಿ: ಸರ್ಕಾರಿ ಪಾಠದ ‘ಪ್ರಕರಣ’ವೇ ಠಾಣೆಯ ‘ಕಲಂ’, ಪತ್ರಿಕೆಯ ‘ಸೆಕ್ಷನ್’. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೇ ಇರುವುದರಿಂದ, ಆ ಅಭ್ಯರ್ಥಿಗಳಿಗೆ ಇನ್ನೊಂದು ಗೈಡಿಗಿಂತ ಕಾನೂನು ಪದಕೋಶ ಹೆಚ್ಚು ಅಂಕ ತರುತ್ತದೆ.

ದುಡ್ಡಿನ ಲೆಕ್ಕಕ್ಕೆ ತಕ್ಕ ಹಾಗೆ

ಕೈಯಲ್ಲಿ ಎರಡು ಸಾವಿರದ ಒಳಗೆ ಇದ್ದರೆ ವಿದ್ಯಾರ್ಥಿ ಆ ಸೆಮಿಸ್ಟರಿನ ಬೇರ್ ಆಕ್ಟುಗಳನ್ನು ಹೊಸದಾಗಿ, ಪಠ್ಯಗಳನ್ನು ಹಳೆಯದಾಗಿ ಕೊಳ್ಳಲಿ. ಹೊಸ ಜೂನಿಯರ್ ಮೊದಲ ವರ್ಷ ಕಾಮೆಂಟರಿಯನ್ನೇ ಕೊಳ್ಳಬಾರದು, ಸೀನಿಯರ್ ಕಪಾಟಿನಲ್ಲಿ ಅದಿದೆ. ಅವರಿಗೆ ಬೇಕಾದ್ದು ಮೂರು ಹೊಸ ಸಂಹಿತೆ, ಸಿಪಿಸಿ, ಕರ್ನಾಟಕದ ಸಿವಿಲ್ ಮತ್ತು ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟಿಸ್ (ಕೋರ್ಟುಗಳ ದಿನನಿತ್ಯದ ನಡಾವಳಿಯ ನಿಯಮಗಳು), ಶುಲ್ಕ ಮತ್ತು ಮುದ್ರಾಂಕದ ಮ್ಯಾನ್ಯುಯಲ್. ಸ್ವಂತ ಕಚೇರಿ ತೆರೆದ ಮೇಲೆ ಯಾವ ಬಗೆಯ ಕೇಸು ಹೆಚ್ಚು ಬರುತ್ತದೋ ನೋಡಿಕೊಂಡು, ಆ ಒಂದು ವಿಷಯದ ಒಳ್ಳೆಯ ಕಾಮೆಂಟರಿ ತಗೊಳ್ಳಿ. ಐದು ವಿಷಯದ ಐದು ಸಾಧಾರಣ ಕಾಮೆಂಟರಿಗಿಂತ ಅದು ಲಾಭ. ವಿದ್ವತ್ ಗ್ರಂಥಕ್ಕೆ ವರ್ಷಕ್ಕೆ ಒಂದರಂತೆ ಬೇರೆ ಲೆಕ್ಕ ಇಡಿ. ಇಲ್ಲದಿದ್ದರೆ ಅದರ ಸರದಿ ಬರುವುದೇ ಇಲ್ಲ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ. ಮುದ್ರಿತ ಬೆಲೆಗೆ ರಿಯಾಯಿತಿ ಕೇಳುವುದು ಈ ವ್ಯಾಪಾರದಲ್ಲಿ ರೂಢಿ. ಆದರೆ ದೊಡ್ಡ ಕಾಮೆಂಟರಿಯನ್ನು ಅರ್ಧಕ್ಕಿಂತ ಕಡಿಮೆಗೆ ಹೊಸದೆಂದು ಕೊಟ್ಟರೆ ಒಳಪುಟಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಓರೆಯಾದ ಸಾಲು, ಮಸುಕಾದ ಅಡಿಟಿಪ್ಪಣಿ, ನಡುವೆ ಕಾಣೆಯಾದ ಹದಿನಾರು ಪುಟ ಇವು ಕಳ್ಳಮುದ್ರಣದ ಗುರುತು. ತಂದ ಮೇಲೆ ಮೊದಲ ಕೆಲಸ, ಒಳರಟ್ಟಿನಲ್ಲಿ ಪೆನ್ಸಿಲ್‌ನಿಂದ ಮುನ್ನುಡಿಯ ತಿಂಗಳು–ವರ್ಷ ಬರೆಯುವುದು. ಅದರ ನಂತರ ಬಂದ ತಿದ್ದುಪಡಿಯ ರಾಜ್ಯಪತ್ರದ ಪುಟವನ್ನು ಮುದ್ರಿಸಿ, ಸಂಬಂಧಪಟ್ಟ ಕಲಂ ಇರುವ ಪುಟಕ್ಕೆ ಅಂಟಿಸಿಕೊಂಡರೆ ಅದೇ ಪ್ರತಿ ಇನ್ನೆರಡು ವರ್ಷ ನಡೆಯುತ್ತದೆ.